ಜ್ವರದ ರಾತ್ರಿ, ಕೈಯಲ್ಲಿ ಔಷಧಿ ಬಾಟಲಿ

ರಾತ್ರಿ ಹತ್ತು ಗಂಟೆ. ಎಂಟು ತಿಂಗಳ ಮಗು, ತೂಕ 8 ಕೆ.ಜಿ. ಮೈ ಸುಡುತ್ತಿದೆ, ಹಾಲೂ ಬೇಡವೆಂದು ರಚ್ಚೆ ಹಿಡಿದಿದೆ. ಮನೆಯಲ್ಲಿ ಪ್ಯಾರಸಿಟಮಾಲ್ ಇದೆ. ಇಂಥ ರಾತ್ರಿಗಳಲ್ಲಿ ಎಲ್ಲರೂ ಕೇಳುವುದು "ಎಷ್ಟು ಎಂ.ಎಲ್. ಹಾಕಲಿ?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಎಷ್ಟು ಎಂ.ಜಿ.?" ಎಂದು. ಅಪಾಯ ಶುರುವಾಗುವುದು ಇಲ್ಲಿಂದಲೇ.

ಪ್ಯಾರಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಡೋಸ್‌ಗೆ ಕೆ.ಜಿ.ಗೆ 10ರಿಂದ 15 ಎಂ.ಜಿ. ಈ ಮಗುವಿಗೆ ಹೆಚ್ಚೆಂದರೆ 120 ಎಂ.ಜಿ. ಈಗ ಬಾಟಲಿಯ ಲೇಬಲ್ ಓದಿ. 5 ಎಂ.ಎಲ್.ನಲ್ಲಿ 120 ಎಂ.ಜಿ. ಇರುವ ಸಿರಪ್ ಆದರೆ 5 ಎಂ.ಎಲ್. ಬೇಕು. 5 ಎಂ.ಎಲ್.ನಲ್ಲಿ 250 ಎಂ.ಜಿ. ಇರುವುದಾದರೆ 2.4 ಎಂ.ಎಲ್. ಸಾಕು. ಒಂದು ಎಂ.ಎಲ್.ನಲ್ಲೇ 100 ಎಂ.ಜಿ. ಇರುವ ಡ್ರಾಪ್ಸ್ ಆದರೆ 1.2 ಎಂ.ಎಲ್. ಅಷ್ಟೇ. "ಹೋದ ಸಲ 5 ಎಂ.ಎಲ್. ಕೊಟ್ಟಿದ್ದೆವಲ್ಲ" ಎಂದು ಅದೇ ನೆನಪಿನಲ್ಲಿ ಡ್ರಾಪ್ಸ್ 5 ಎಂ.ಎಲ್. ಕುಡಿಸಿದರೆ 500 ಎಂ.ಜಿ. ಒಳಗೆ ಹೋಯಿತು. ಈ ತೂಕದ ಮಗುವಿಗೆ ಇಡೀ ದಿನದ ಮಿತಿಯೇ 480. ಹನಿಯಾಗಿ ಹಾಕುವ ಔಷಧಿ ಸೌಮ್ಯವಾಗಿರಬೇಕು ಎಂದು ಜನ ನಂಬುತ್ತಾರೆ. ನಿಜಕ್ಕೂ ಅದೇ ಹೆಚ್ಚು ಗಾಢ.

ಅಳತೆಗೆ ಅಡುಗೆಮನೆ ಚಮಚ ಬೇಡವೇ ಬೇಡ. ಒಂದರ ಆಳ ಇನ್ನೊಂದಕ್ಕಿಲ್ಲ. ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜ್ ಇದ್ದರೆ ಒಳ್ಳೆಯದು. ಅದರ ತುದಿಯಲ್ಲಿ ಪುಟ್ಟ ಮುಚ್ಚಳವಿದ್ದರೆ ಮೊದಲು ತೆಗೆದು ದೂರ ಇಡಿ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಾಟಲಿಯನ್ನು ಚೆನ್ನಾಗಿ ಕುಲುಕಿ. ಔಷಧಿಯ ಪುಡಿ ತಳದಲ್ಲಿ ಕೂತಿದ್ದರೆ ಮೊದಲ ಡೋಸ್‌ಗಳು ತೆಳುವಾಗಿ ಜ್ವರ ಇಳಿಯುವುದಿಲ್ಲ, ಕೊನೆಯವು ಮಿತಿ ಮೀರುತ್ತವೆ. ಸಿರಿಂಜ್‌ನಲ್ಲಿ ಗಾಳಿಗುಳ್ಳೆ ನಿಂತರೆ ಅಷ್ಟು ಔಷಧಿ ಕಮ್ಮಿ. ತುದಿಯನ್ನು ಮೇಲೆ ಮಾಡಿ ಹೊರಗೆ ತಳ್ಳಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಮಗುವನ್ನು ತಲೆ ಎತ್ತಿ ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಿ. ನೇರ ಗಂಟಲಿಗೆ ಚಿಮ್ಮಿಸಿದರೆ ನೆತ್ತಿಗೇರುತ್ತದೆ. ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಹೋಯಿತೆಂದು ಯಾರಿಗೂ ಹೇಳಲಾಗದು.

ಕೊಟ್ಟ ಕೂಡಲೇ ಸಮಯ ಬರೆದಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಡುರಾತ್ರಿಯ ಡಬಲ್ ಡೋಸ್ ಆಗುವುದು ಅಸಡ್ಡೆಯಿಂದಲ್ಲ, ಪ್ರೀತಿಯಿಂದ. ಅಮ್ಮ ಒಂದಕ್ಕೆ ಕೊಟ್ಟು ಮಲಗಿರುತ್ತಾಳೆ, ಮಗು ಅತ್ತಾಗ ಎದ್ದ ಅಜ್ಜಿ ಎರಡಕ್ಕೆ ಮತ್ತೆ ಕೊಡುತ್ತಾರೆ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು. 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಬೇಕು, ಅಷ್ಟರಲ್ಲಿ ಗಾಬರಿಯಾಗಿ ಇನ್ನಷ್ಟು ಹಾಕಬೇಡಿ. ಥರ್ಮಾಮೀಟರಿನ ಅಂಕಿ ಪೂರ್ತಿ ಇಳಿಯಲೇಬೇಕೆಂದಿಲ್ಲ, ಮಗು ಹಾಯಾಗಿ ಹಾಲು ಕುಡಿದರೆ ಔಷಧಿ ತನ್ನ ಕೆಲಸ ಮಾಡಿದೆ. ನೆಮ್ಮದಿಯಾಗಿ ಮಲಗಿರುವ ಮಗುವನ್ನು ಜ್ವರದ ಔಷಧಿಗೆಂದೇ ಎಬ್ಬಿಸುವ ಅಗತ್ಯವೂ ಇಲ್ಲ.

ಜೊತೆಗೆ ನೆಗಡಿ ಸಿರಪ್ ಕೊಡಬೇಡಿ. ಎಷ್ಟೋ ನೆಗಡಿ ಸಿರಪ್‌ಗಳೊಳಗೆ ಪ್ಯಾರಸಿಟಮಾಲ್ ಸೇರಿಯೇ ಇರುತ್ತದೆ, ಮೇಲಾಗಿ ಅಷ್ಟು ಚಿಕ್ಕ ಮಕ್ಕಳಿಗೆ ಅವು ಬೇಕಾಗಿಯೂ ಇಲ್ಲ. ಐಬುಪ್ರೊಫೇನ್ ಬೇರೆಯೇ ಔಷಧಿ. ಆರು ತಿಂಗಳೊಳಗಿನವರಿಗೆ ವೈದ್ಯರು ಹೇಳದೆ ಕೊಡುವಂತಿಲ್ಲ. ವಾಂತಿ ಭೇದಿಯಾಗಿ ಮೂತ್ರ ಕಮ್ಮಿಯಾದ ಮಗುವಿಗೆ ಅದು ಕಿಡ್ನಿಗೆ ಪೆಟ್ಟು ಕೊಡಬಹುದು, ಡೆಂಗಿ ಅನುಮಾನವಿದ್ದರೆ ರಕ್ತಸ್ರಾವದ ಭಯ. ಆಸ್ಪಿರಿನ್ ಅಂತೂ ಕೂಡದು, ಮೆದುಳು ಮತ್ತು ಲಿವರ್‌ಗೆ ಹಾನಿ ಮಾಡುವ ರೇ ಸಿಂಡ್ರೋಮ್‌ಗೆ ಅದರ ನಂಟಿದೆ. ಹಲ್ಲು ಬರುವಾಗ ವಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್ ಕೂಡ ಎರಡು ವರ್ಷದೊಳಗಿನವರಿಗೆ ಸಲ್ಲದು. ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಗ್ಗಿಸಬಹುದು.

ಮಗುವಿಗೆ ಮೂರು ತಿಂಗಳೂ ತುಂಬಿಲ್ಲ, ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದೆ ಎಂದಾದರೆ ಈ ಲೆಕ್ಕ ಯಾವುದೂ ಬೇಡ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಜ್ವರ ಇಳಿಸಿ ನೋಡುತ್ತಾ ಕೂತರೆ ಗಂಭೀರ ಸೋಂಕು ಮರೆಯಾಗಿಬಿಡಬಹುದು.

ಹೆಚ್ಚು ಕೊಟ್ಟಿದ್ದೇವೆಂದು ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ. ಲಿವರ್‌ಗೆ ಪೆಟ್ಟು ಬಿದ್ದರೂ ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಸಿಕ್ಕರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ, ಮಗುವಿನ ತೂಕ ಎಷ್ಟು ಎಂದು ಮುಚ್ಚಿಡದೆ ಹೇಳಿ. ಎಷ್ಟು ಎಂ.ಜಿ. ಹೋಗಿದೆ ಎಂದು ವೈದ್ಯರು ಲೆಕ್ಕ ಹಾಕುವುದು ಅದರಿಂದಲೇ.