ಎರಡು ಪದವಿ, ಒಂದೇ ಮೇಜು

ಬಿ.ಎಸ್ಸಿ. ಓದುತ್ತಿರುವ ತಂಗಿಗೆ ಜತೆಯಲ್ಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೂ ಸೇರುವ ಆಸೆ. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಏಕಕಾಲಕ್ಕೆ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಅವಕಾಶ ಕೊಟ್ಟಿದೆ. ನಿಯಮವೇನೋ ಸಲೀಸು, ಮೈ ಕೇಳಬೇಕಲ್ಲ!

ನಿನ್ನೆ ರಾತ್ರಿ ಹನ್ನೊಂದಕ್ಕೆ ನೋಡಿದರೆ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಬೆರಳ ನಡುವೆ ಪೆನ್ಸಿಲ್ ಹಾಗೆಯೇ ಇತ್ತು. ಪುಸ್ತಕದಡಿ ಒಂದು ಹಾಳೆ: ಹಳಗನ್ನಡದ ಪದ್ಯ, ಪ್ರತಿ ಪದದ ಕೆಳಗೂ ಅರ್ಥ, ಅವಳದೇ ಗುಂಡು ಅಕ್ಷರ.

ಬೇಡವೆಂದು ಹೇಳಲು ಹೋದ ನನಗೆ ಮಾತೇ ಹೊರಡಲಿಲ್ಲ. ಇನ್ನೊಂದು ಅಂಕಪಟ್ಟಿಗಾಗಿಯಾದರೆ ಇಷ್ಟು ನಿದ್ದೆಗೆಡುವುದು ಖಂಡಿತ ಬೇಡ. ಆದರೆ ಇವಳದು ಕಲಿಯುವ ಹಸಿವು. ಈ ಸೆಮಿಸ್ಟರ್ ಪರೀಕ್ಷೆ ಮುಗಿಯಲಿ, ಆಮೇಲೂ ಮನಸ್ಸಿದ್ದರೆ ಪ್ರವೇಶ ಶುಲ್ಕ ನಾನೇ ಕಟ್ಟುತ್ತೇನೆ ಎಂದಿದ್ದೇನೆ.