ರೇಲಿಂಗ್ ಎತ್ತರ ಎಲ್ಲಿಂದ ಅಳೀತೀರಿ?

ಅಡ್ಡ ಪೈಪಿನ ರೇಲಿಂಗ್ ಅಂದರೆ ನಮ್ಮ ಆರ್ಕಿಟೆಕ್ಟ್ ಆಫೀಸಿನಲ್ಲಿ ಎಲ್ಲರಿಗೂ ಇಷ್ಟ. ರೆಂಡರ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ವ್ಯೂ ಕಟ್ ಆಗುವುದಿಲ್ಲ. ನಾನೂ ಎಷ್ಟೋ ಬಾಲ್ಕನಿಗೆ ಅದನ್ನೇ ಎಳೆದಿದ್ದೇನೆ. ಮಗಳು ನಡೆಯಲು ಶುರು ಮಾಡಿದ ಮೇಲೆ ಅದು ನನಗೆ ಏಣಿಯಾಗಿಯೇ ಕಾಣುತ್ತದೆ.

ರ್ಯಾಂಪ್ ಕಥೆಯೂ ಅಷ್ಟೇ. ಇಳಿಜಾರು 1:12, ಅಂದರೆ ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರು, ಅಂತ ಬರೆದರೆ ಪ್ಲಾನ್ ಪಾಸು. ಅದರ ತುದಿಯಲ್ಲಿ ಬಾಗಿಲು ನಮ್ಮ ಕಡೆಗೇ ತೆರೆದರೆ ಏನಾಗುತ್ತದೆ ಅನ್ನುವುದು ಸ್ಟ್ರೋಲರ್ ತಳ್ಳಿದವರಿಗೇ ಗೊತ್ತು.

ಪುಟ್ಟ ಮಕ್ಕಳಿರುವ ಕಡೆ ರೇಲಿಂಗ್ ಸಂದಿಯಲ್ಲಿ 100 ಮಿ.ಮೀ. ಗೋಲ ತೂರಬಾರದು, ಮಕ್ಕಳು ಸುಲಭವಾಗಿ ಹತ್ತುವಂತೆಯೂ ಇರಬಾರದು ಎನ್ನುತ್ತದೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ. ಅದನ್ನೇ ಹಿಡಿದು ಈ ಪ್ರಾಜೆಕ್ಟ್‌ನಲ್ಲಿ ಜಗಳವಾಡಿ, ಅಡ್ಡ ಪೈಪಿನ ಬದಲು ನೆಟ್ಟಗೆ ನಿಲ್ಲುವ ಸರಳು ಹಾಕಿಸಿದೆ. ಎತ್ತರ 1200 ಮಿ.ಮೀ. ಜಿಎಫ್‌ಸಿ, ಅಂದರೆ ‘ಇದರಂತೆ ಕಟ್ಟಿ’ ಅನ್ನುವ ಅಂತಿಮ ಡ್ರಾಯಿಂಗ್, ಸೈಟಿಗೆ ಹೋಯಿತು. ಗೆದ್ದೆ ಅಂದುಕೊಂಡೆ.

ಲ್ಯಾಂಡ್‌ಸ್ಕೇಪ್‌ನವರ ಡ್ರಾಯಿಂಗ್ ಎಂದಿನಂತೆ ಕೊನೆಗೆ ಬಂತು. ರೇಲಿಂಗ್‌ಗೆ ಅಂಟಿಕೊಂಡೇ 450 ಎತ್ತರದ ಪ್ಲಾಂಟರ್-ಸೀಟ್, ಅಂದರೆ ಗಿಡದ ತೊಟ್ಟಿಯ ಜೊತೆಗೇ ಕೂರುವ ಕಟ್ಟೆ. ನಾನು ನೋಡಿದ್ದು ಡ್ರೈನ್ ಪಾಯಿಂಟ್ ಮಾತ್ರ. 1200ರಲ್ಲಿ 450 ಕಳೆಯಲು ಕ್ಯಾಲ್ಕುಲೇಟರ್ ಏನೂ ಬೇಕಿರಲಿಲ್ಲ.

ಮಾದರಿಗೆ ಕಟ್ಟಿದ ಮಾಕ್-ಅಪ್ ಫ್ಲ್ಯಾಟ್‌ನ ರಿವ್ಯೂ ದಿನ ಸೇಲ್ಸ್‌ನವರು ಒಂದು ಕುಟುಂಬವನ್ನೂ ಕರೆತಂದಿದ್ದರು. ನಾವೆಲ್ಲ ಸ್ಕರ್ಟಿಂಗ್ ಬಗ್ಗೆ ವಾದ ಮಾಡುತ್ತಿದ್ದೆವು. ತಿರುಗಿ ನೋಡಿದರೆ, ಅವರ ಮೂರು ವರ್ಷದ ಹುಡುಗ ಸೀಟ್ ಮೇಲೆ ನಿಂತಿದ್ದಾನೆ. ಎರಡೂ ಕೈ ಮೇಲಿನ ಪೈಪಿನ ಮೇಲೆ. ಒಂದು ಕಾಲು ಎತ್ತುತ್ತಿದ್ದಾನೆ. ಒಂಬತ್ತನೇ ಮಹಡಿ. ಕೂಗಿದರೆ ಬೆಚ್ಚಿಬೀಳುತ್ತಾನೆ. ಓಡಿದರೆ ಆಟ ಅಂದುಕೊಳ್ಳುತ್ತಾನೆ. ನನ್ನ ಬಾಯಿ ಒಣಗಿತ್ತು, ಕಾಲು ಏಳಲೇ ಇಲ್ಲ. ಅವನ ಅಮ್ಮ ಅಡುಗೆಮನೆಯಲ್ಲಿ ಚಿಮಣಿ ಪಾಯಿಂಟ್ ಕೇಳುತ್ತಿದ್ದರು. ಬಾಲ್ಕನಿ ಬಾಗಿಲಿಗೆ ಸಿಲಿಕಾನ್ ಹೊಡೆಯುತ್ತಿದ್ದ ಹುಡುಗ ಗನ್ ಕೆಳಗಿಟ್ಟು, ಸದ್ದಿಲ್ಲದೆ ಎರಡು ಹೆಜ್ಜೆ ಹೋಗಿ ಮಗುವಿನ ಸೊಂಟ ಹಿಡಿದು ಇಳಿಸಿದ. ಮತ್ತೆ ಸಿಲಿಕಾನ್ ಹೊಡೆಯಲು ಕೂತ.

ಪ್ರಾಜೆಕ್ಟ್ ಹೆಡ್ ಹೇಳಿದ್ದು ಒಂದೇ ಮಾತು: “ಪೇರೆಂಟ್ಸ್ ನೋಡ್ಕೋಬೇಕು ಅಲ್ವಾ?” ಅವರಿಗೂ ಇಬ್ಬರು ಮಕ್ಕಳು. ಆದ್ದರಿಂದ ತಂದೆ-ತಾಯಿ ಆದ ಕೂಡಲೇ ಎಲ್ಲರಿಗೂ ಕಣ್ಣು ತೆರೆಯುತ್ತದೆ ಅಂತ ನಾನು ಹೇಳುವುದಿಲ್ಲ.

ಸೀಟ್ ತೆಗೆಯಿರಿ ಅಂತ ಮೇಲ್ ಹಾಕಿದೆ. ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸೋಣ ಅಂತ ಉತ್ತರ ಬಂತು. ಸ್ಕೆಚ್, ಸೆಕ್ಷನ್ (ಕಟ್ಟಡ ಸೀಳಿ ತೋರಿಸುವ ಡ್ರಾಯಿಂಗ್), ಮಗುವಿನ ಅಳತೆ ಎಲ್ಲ ಕಳಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ವಾಟರ್‌ಪ್ರೂಫಿಂಗ್ ಕಾಂಟ್ರ್ಯಾಕ್ಟರ್, ಅಂಚಿನಲ್ಲಿ ಮಣ್ಣು ತುಂಬಿಸಿದರೆ ವಾರಂಟಿ ಕೊಡುವುದಿಲ್ಲ ಅಂದ. ಮಾರನೇ ದಿನವೇ ಪ್ಲಾಂಟರ್ ಒಳಗೋಡೆಯ ಕಡೆಗೆ ಹೋಯಿತು. ಮಿನಿಟ್ಸ್‌ನಲ್ಲಿ ಬರೆದ ಕಾರಣ: ಸೀಪೇಜ್ ರಿಸ್ಕ್, ಅಂದರೆ ನೀರು ಜಿನುಗುವ ಅಪಾಯ. ನಾನೂ ಸೈನ್ ಹಾಕಿದೆ. ಈಗ ಯಾವ ಸೆಕ್ಷನ್ ಬಂದರೂ ರೇಲಿಂಗ್ ಎತ್ತರವನ್ನು ಕಾಲಿಡಬಹುದಾದ ಮಟ್ಟದಿಂದ ಅಳೆಯುತ್ತೇನೆ. ಎಸಿ ಔಟ್‌ಡೋರ್ ಯೂನಿಟ್ಟೂ ಆ ಲೆಕ್ಕದಲ್ಲೇ.