ಕಾರವಾರದ ಮೀನೂಟದಿಂದ ಶಿರಸಿಯ ಅಪ್ಪೆಹುಳಿಯವರೆಗೆ

ಕಾರವಾರದಲ್ಲಿ ಮಧ್ಯಾಹ್ನ ಏನು ಉಣ್ಣಬೇಕೆಂಬುದು ಬೆಳಿಗ್ಗೆ ಒಂಬತ್ತಕ್ಕೇ ತಿಳಿದುಹೋಗುತ್ತದೆ. ಬೈತಖೋಲ ಬಂದರಿಗೋ ಪೇಟೆಯ ಮೀನು ಮಾರುಕಟ್ಟೆಗೋ ಒಂದು ಸುತ್ತು ಹಾಕಿ, ಬುಟ್ಟಿ ಮುಂದಿಟ್ಟುಕೊಂಡು ಕೂತವರನ್ನು "ಅಕ್ಕಾ, ಇವತ್ತು ಯಾವ ಮೀನು ಜಾಸ್ತಿ ಬಂತು?" ಎಂದು ಕೇಳಿದರೆ ಸಾಕು. ಅಲ್ಲಿ ರಾಶಿ ಬಿದ್ದದ್ದೇ ಊಟದ ಹೊತ್ತಿಗೆ ಹೋಟೆಲಿನ ತಾಟಿಗೆ ಬರುತ್ತದೆ. ಉತ್ತರ ಕನ್ನಡದಲ್ಲಿ ತಿನ್ನುತ್ತಾ ತಿರುಗುವವರು ಈ ಅಭ್ಯಾಸವೊಂದನ್ನು ಮಾಡಿಕೊಳ್ಳಬೇಕು. ಮಜಾಳಿಯಿಂದ ಭಟ್ಕಳದವರೆಗೆ, ಘಟ್ಟದ ಮೇಲೂ, ಎಲ್ಲ ಹೋಟೆಲಿನ ಮೆನು ಕಾರ್ಡಿನಲ್ಲೂ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ ಇದ್ದೇ ಇರುತ್ತವೆ. ಅವು ಯಾವ ಊರಿನಲ್ಲಾದರೂ ಸಿಗುವಂಥವು. ಈ ಜಿಲ್ಲೆಯ ರುಚಿ ಇರುವುದು ಆ ಹೊತ್ತಿಗೆ, ಆ ತಿಂಗಳಿಗೆ, ಆ ಊರಿಗೆ ಒದಗಿದ್ದನ್ನು ಕೇಳಿ ತಿನ್ನುವುದರಲ್ಲಿ.

ರೈಲಿನಲ್ಲಿ ಬಂದವರು ಶಿರವಾಡದಲ್ಲಿ ಇಳಿದು ಪೇಟೆಗೆ ಆಟೋ ಹಿಡಿಯಬೇಕು. ನಿಲ್ದಾಣದ ಬಳಿ ತಿಂಡಿಗೆ ಕಾಯುವುದು ಬೇಡ. ಪೇಟೆಯಲ್ಲಿ ಹತ್ತು ಗಂಟೆಯೊಳಗೆ ಬನ್ಸ್-ಭಾಜಿ, ಮಿಸಳ್, ಗೋವಾ ಕಡೆಯ ಪಾತಳ ಭಾಜಿ-ಪಾವ್ (ತೆಳು ಸಾರಿನಂಥ ಪಲ್ಯ, ಪಾವ್) ಸಿಗುತ್ತವೆ. ಬನ್ಸಿನ ಹಿಟ್ಟನ್ನು ಕಳಿತ ಬಾಳೆಹಣ್ಣು, ಮೊಸರು ಹಾಕಿ ಹಿಂದಿನ ರಾತ್ರಿಯೇ ಕಲಸಿಟ್ಟಿರುತ್ತಾರೆ. ಬಾಣಲೆಯಿಂದ ಎದ್ದ ಕೂಡಲೇ ತಿಂದರೆ ಒಳಗೆ ಹತ್ತಿಯಂತೆ ಮೆತ್ತಗಿರುತ್ತದೆ. ಹತ್ತರ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಉಳಿದದ್ದು ಎಣ್ಣೆ ಹೀರಿ ಭಾರವಾಗಿರುತ್ತದೆ.

ಮೀನೂಟಕ್ಕೆ ಹನ್ನೆರಡೂವರೆಯಿಂದ ಒಂದೂವರೆ ಒಳ್ಳೆಯ ಸಮಯ. ಎರಡು ಗಂಟೆ ದಾಟಿತೆಂದರೆ ಒಳ್ಳೆಯ ಮೀನು ಮುಗಿದಿರುತ್ತದೆ. ತಾಟಿನಲ್ಲಿ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಸೋಲ್ ಕಢಿ ಬರುತ್ತವೆ. ಕೆಲವೆಡೆ ತಿಸ್ರೆ (ಚಿಪ್ಪುಮೀನು) ಸುಕ್ಕೆಯೂ ಇರುತ್ತದೆ. ಕುಚಲಕ್ಕಿ ಅನ್ನ ಇದೆಯೇ ಎಂದು ಕೇಳಿ ಹಾಕಿಸಿಕೊಳ್ಳಿ, ಮೀನು ಸಾರಿಗೆ ಅದೇ ಸರಿ. ಫ್ರೈ ಲೆಕ್ಕ ಬೇರೆ. ಇಸವಾಣ (ಅಂಜಲ್), ಪಾಪ್ಲೆಟ್, ನೋಗ್ಲಿ (ಕಾಣೆ), ಏಡಿ ಇವಕ್ಕೆಲ್ಲ ಗಾತ್ರದ ಮೇಲೆ, ಆ ದಿನದ ಪೇಟೆ ದರದ ಮೇಲೆ ರೇಟು. ಕಾವಲಿಗೆ ಹಾಕುವ ಮೊದಲೇ ಮೀನನ್ನು ತೋರಿಸಲು ಹೇಳಿ, ದರ ಕೇಳಿಕೊಳ್ಳಿ. ಬಿಲ್ಲಿನ ಜಗಳಗಳು ಹೆಚ್ಚಾಗಿ ಇಲ್ಲೇ ಹುಟ್ಟುವುದು. ಇಡೀ ಮೀನಾದರೆ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು.

ಒಳ್ಳೆಯ ರವಾ ಫ್ರೈ ಹೇಗಾಗುತ್ತದೆಂದು ತಿಳಿದಿದ್ದರೆ ಕೆಟ್ಟದ್ದನ್ನು ಗುರುತಿಸುವುದು ಸುಲಭ. ಬೆರಳು ದಪ್ಪದ ತುಂಡಿಗೆ ಉಪ್ಪು, ಅರಿಸಿನ, ಮೆಣಸಿನ ಪುಡಿ, ಹುಳಿ ಸವರಿ ಇಪ್ಪತ್ತು ನಿಮಿಷ ಇಡುತ್ತಾರೆ. ಅಷ್ಟರಲ್ಲಿ ಮೀನು ನೀರು ಬಿಡುತ್ತದೆ. ಆ ನೀರನ್ನು ಬಸಿದು, ಕಾವಲಿ ಚೆನ್ನಾಗಿ ಕಾದ ಮೇಲೆ, ಹಾಕುವ ಕ್ಷಣದಲ್ಲಿ ಮಾತ್ರ ರವೆಯಲ್ಲಿ ಹೊರಳಿಸಬೇಕು. ಜನ ತುಂಬಿದ ಭಾನುವಾರ ಮೊದಲೇ ರವೆ ಹಚ್ಚಿ ಸಾಲಾಗಿ ಇಟ್ಟುಬಿಟ್ಟರೆ ರವೆ ಆ ನೀರು ಕುಡಿದು ಹಿಟ್ಟಾಗುತ್ತದೆ. ಆಮೇಲೆ ಎಷ್ಟು ಹುರಿದರೂ ಗರಿಯಾಗುವುದಿಲ್ಲ, ಮಗುಚಿದರೆ ಸಿಪ್ಪೆಯಂತೆ ಕಳಚುತ್ತದೆ. ಪದೇ ಪದೇ ಮಗುಚಿದರೂ ಅದೇ ಗತಿ. ಎರಡೂ ಬದಿಗೆ ಒಂದೊಂದು ಸಲ, ಮಧ್ಯಮ ಉರಿಯಲ್ಲಿ, ತೆಂಗಿನೆಣ್ಣೆಯಲ್ಲಿ ಆದರೆ ಸಾಕು. ಗದ್ದಲದ ದಿನ ರವಾ ಫ್ರೈ ಬಿಟ್ಟು ಸಾರಿನ ಮೀನು ಕೇಳುವುದು ಜಾಣತನ.

ಸಾರಿಗೆ ಬಂಗಡೆಯೇ ಮೇಲು. ಕಾಯಿ, ಬ್ಯಾಡಗಿ ಮೆಣಸು, ಹುಳಿ ನುಣ್ಣಗೆ ರುಬ್ಬಿ ಕುದಿಸಿ, ಜಜ್ಜಿದ ತಿರ್ಫಳ (ಜುಮ್ಮನಕಾಯಿ) ಹಾಕುತ್ತಾರೆ. ನಾಲಿಗೆ ಜುಮ್ಮೆನ್ನುವುದು ಅದರಿಂದ. ಅದನ್ನು ಅಗಿಯದೆ ತಾಟಿನ ಅಂಚಿಗೆ ತೆಗೆದಿಡಬೇಕು. ತಿಸ್ರೆಯಲ್ಲಿ ಮರಳು ಕರಕರ ಎಂದರೆ ಉಪ್ಪು ನೀರಿನಲ್ಲಿ ಅದನ್ನು ಸಾಕಷ್ಟು ಹೊತ್ತು ನೆನೆಸಿಲ್ಲ ಎಂದರ್ಥ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಬಿಡಿಸಿ ತಿನ್ನಲು ಹೋಗಬೇಡಿ, ಅದು ಬೇಯಿಸುವ ಮೊದಲೇ ಸತ್ತದ್ದಿರಬಹುದು. ಸೋಲ್ ಕಢಿಯನ್ನು ಕೊನೆಗೆ ಕುಡಿಯಿರಿ. ಮುರುಗಲು (ಕೋಕಂ) ಸಿಪ್ಪೆಯ ರಸಕ್ಕೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿಸಿ ಮಾಡುವುದು ಅದು. ಬಿಸಿ ತಾಗಿದರೆ ಒಡೆಯುತ್ತದೆ, ಕರಾವಳಿಯ ಸೆಕೆಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಹಾಲು ಕೆಡುತ್ತದೆ. ಆದ್ದರಿಂದ ರಾತ್ರಿಯ ಊಟಕ್ಕೆ ಹೊಸದಾಗಿ ಮಾಡಿದ್ದೇ ಎಂದು ಕೇಳಿಯೇ ಲೋಟ ಎತ್ತಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬರುವ ದೊಡ್ಡ ಇಸವಾಣ ಹೆಚ್ಚಿನಂಶ ಐಸಿನಲ್ಲಿ ದೂರದಿಂದ ಬಂದದ್ದು. ಆ ತಿಂಗಳುಗಳಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಹೊಳೆಗಳ ಮೀನು ಕೇಳಿ. ಇಲ್ಲವೇ ಒಣ ಬಂಗಡೆ, ಒಣ ಶೆಟ್ಲಿಯ (ಸಿಗಡಿಯ) ಚಟ್ನಿ ತಿನ್ನಿ. ಗಂಜಿಗೆ ಒಣಮೀನು ಸುಟ್ಟು ಕೊಡುವ ಸಣ್ಣ ಖಾನಾವಳಿ ಸಿಕ್ಕರೆ ಅದೇ ಮಳೆಗಾಲದ ಅತ್ಯುತ್ತಮ ಊಟ.

ಅಂಕೋಲಾಕ್ಕೆ ಮೇ ತಿಂಗಳಲ್ಲಿ ಹೋಗುವವರು ಊಟಕ್ಕಿಂತ ಮೊದಲು ಕರಿ ಇಶಾಡ ಮಾವಿನಹಣ್ಣು ಕೊಳ್ಳಬೇಕು. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಿದೆ. ಸಿಪ್ಪೆ ತೆಳು, ರಸ ಹೆಚ್ಚು, ಹಾಗಾಗಿ ಚೀಲದಲ್ಲಿ ತುರುಕಿದರೆ ಒಂದೇ ದಿನದಲ್ಲಿ ಹಾಳು. ಇನ್ನು ಮಳೆಗಾಲದಲ್ಲಿ ಕರಾವಳಿಯ ಹೆದ್ದಾರಿಯ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಸ್ತೆ ಬದಿಯ ಚಹಾ ಅಂಗಡಿಯನ್ನೇ ಹೊತ್ತೊಯ್ದಿತು, ಜೀವಗಳು ಹೋದವು. ಜೋರು ಮಳೆಯಲ್ಲಿ, ನೇರವಾಗಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಬೇಡಿ. ಊರಿನ ಪೇಟೆಯೊಳಗೆ ನಿಲ್ಲಿಸಿ.

ಗೋಕರ್ಣದಲ್ಲಿ ಎರಡು ಬೇರೆಬೇರೆ ಅಡುಗೆಮನೆಗಳಿವೆ. ದೇವಸ್ಥಾನದ ಸುತ್ತ ಸಸ್ಯಾಹಾರಿ ಊಟ, ತಿಂಡಿ. ಕುಡ್ಲೆ, ಓಂ ಕಡಲತೀರಗಳಲ್ಲಿ ಹಮ್ಮಸ್, ಶಕ್ಷೂಕಾ, ಪಾಸ್ತಾ ಕೊಡುವ ಚಪ್ಪರದ ಕೆಫೆಗಳು. ಮಳೆಗಾಲದಲ್ಲಿ ಈ ಕೆಫೆಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಅಲ್ಲಿ ಆರ್ಡರ್ ಬರಲು ಮುಕ್ಕಾಲು ಗಂಟೆ ಹಿಡಿಯುವುದು ಸಾಮಾನ್ಯ. ಹೊಟ್ಟೆ ಹಸಿದ ಮೇಲೆ ಅಲ್ಲ, ಹಸಿಯುವ ಮೊದಲೇ ಹೇಳಿಟ್ಟು ಕೂರಬೇಕು.

ಕುಮಟಾದಲ್ಲಿ ರಸ್ತೆ ಎರಡಾಗುತ್ತದೆ. ನೇರ ಹೋದರೆ ಹೊನ್ನಾವರ ದಾಟಿ ಭಟ್ಕಳ, ಅಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಬಿರಿಯಾನಿ. ಅನ್ನ ಬೇರೆ ಬೇಯಿಸಿ, ಹೇರಳ ಈರುಳ್ಳಿಯ ಮಸಾಲೆಯನ್ನು ತಳದಲ್ಲಿಟ್ಟು ಪದರ ಹಾಕುವ ಪದ್ಧತಿ. ಬಡಿಸುವವರು ಅವಸರದಲ್ಲಿ ಮೇಲಿನ ಅನ್ನವನ್ನಷ್ಟೇ ತೋಡಿ ಹಾಕಿದರೆ ಸಪ್ಪೆ ಎನಿಸುತ್ತದೆ. "ಅಡಿಯಿಂದ ಹಾಕಿ ಭಾಯ್" ಎಂದರೆ ಮಸಾಲೆ ಬರುತ್ತದೆ. ರಂಜಾನಿನ ಹಗಲಿನಲ್ಲಿ ಹೋಟೆಲುಗಳು ಮುಚ್ಚಿದ್ದರೆ ಸಂಜೆಯವರೆಗೆ ಕಾಯಬೇಕಾದೀತು.

ಎಡಕ್ಕೆ ತಿರುಗಿದರೆ ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿ.ಮೀ. ದೂರದಲ್ಲಿ ಶಿರಸಿ. ತೆಂಗಿನ ಸಾರಿನಿಂದ ಮಜ್ಜಿಗೆಯ ತಂಬುಳಿಗೆ ಬಂದುಬಿಡುತ್ತೇವೆ. ಪೇಟೆಯ ಹೋಟೆಲುಗಳಲ್ಲಿ ಬೆಳಗಿನ ಅವಲಕ್ಕಿ, ಮಿಸಳ್, ಸಂಜೆಯ ಬಿಸಿ ಕಷಾಯ ಎಲ್ಲೆಡೆ ಸಿಗುತ್ತವೆ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಹಾಲು, ಬೆಲ್ಲದಲ್ಲಿ ಕಾಯಿಸಿದ ಕಷಾಯಕ್ಕೆ ಘಟ್ಟದ ಚಳಿಯಲ್ಲಿ ಕಾಫಿ ಸಾಟಿಯಲ್ಲ. ಆದರೆ ಹವ್ಯಕರ ಪೂರ್ತಿ ಊಟ ಹೋಟೆಲಿನಲ್ಲಿ ಅಪರೂಪ. ಅದಕ್ಕೆ ಹೋಂಸ್ಟೇಯವರಿಗೆ ಹಿಂದಿನ ದಿನವೇ ಹೇಳಿಡಬೇಕು, ಏಕೆಂದರೆ ಒಂದೆಲಗವೋ ಸಾಂಬಾರ ಸೊಪ್ಪೋ (ದೊಡ್ಡಪತ್ರೆ) ಕಿತ್ತು ತರುವುದು ಹಿತ್ತಲಿನಿಂದ. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ ಜತೆ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ತಂಬುಳಿ. ಮಜ್ಜಿಗೆ ಹಾಕಿದ ಮೇಲೆ ಒಲೆಗಿಟ್ಟರೆ ಒಡೆದುಹೋಗುತ್ತದೆ.

ಇಲ್ಲಿನ ಮುಖ್ಯ ರುಚಿ ಅಪ್ಪೆಹುಳಿ. ಪರಿಮಳದ ಅಪ್ಪೆ ಮಾವಿನಕಾಯಿಯೊಂದನ್ನು ಇಡಿಯಾಗಿ ಬೇಯಿಸಿ, ಕಿವುಚಿ, ಸಿಪ್ಪೆ, ಗೊರಟು ತೆಗೆದು, ನಾಲ್ಕು ಲೋಟ ನೀರು, ಉಪ್ಪು, ಬೇಕಿದ್ದರೆ ಚೂರು ಬೆಲ್ಲ ಹಾಕುತ್ತಾರೆ. ಹುಳಿ ಹೆಚ್ಚಾದರೆ ನೀರು ಹೆಚ್ಚಿಸುವುದೇ ದಾರಿ, ಬೆಲ್ಲ ಸುರಿಯಬಾರದು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ. ಇಂಗು ಧಾರಾಳವಾಗಿರಬೇಕು, ಒಗ್ಗರಣೆ ಬಿದ್ದ ಮೇಲೆ ಕುದಿಸಬಾರದು. ಕುದಿಸಿದರೆ ಆ ಪರಿಮಳವೇ ಹಾರಿಹೋಗುತ್ತದೆ. ಸ್ವಲ್ಪ ಅನ್ನಕ್ಕೆ ಕಲಸಿ, ಉಳಿದದ್ದನ್ನು ಲೋಟದಲ್ಲಿ ಕುಡಿಯುವುದು ರೂಢಿ. ಗಡದ್ದಾಗಿ ಉಂಡು ಅಪ್ಪೆಹುಳಿ ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಎನ್ನುವುದು ಇಲ್ಲಿಯವರ ಅನುಭವ. ಘಟ್ಟ ಇಳಿಯುವ ಚಾಲಕರು ಒಂದು ಗಂಟೆ ಮಲಗಿ ಎದ್ದೇ ಹೊರಡಲಿ.

ಒಯ್ಯಲು ತೊಡದೇವು ಕೊಳ್ಳಿ. ಬೋರಲು ಹಾಕಿದ ಕಾದ ಮಡಕೆಯ ಮೇಲೆ ಅಕ್ಕಿಹಿಟ್ಟು, ಕಬ್ಬಿನ ಹಾಲಿನ ತೆಳು ಹಿಟ್ಟನ್ನು ಬಟ್ಟೆಯಿಂದ ಎಳೆದು, ಕ್ಷಣದಲ್ಲಿ ಕಿತ್ತು ತ್ರಿಕೋನ ಮಡಚುವ ಕಾಗದದಂಥ ತಿಂಡಿ. ಆಲೆಮನೆ ನಡೆಯುವ ಚಳಿಗಾಲದಲ್ಲಿ ಹೊಸದು ಸಿಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಕರಾವಳಿಗೆ ಇಳಿಯುವಷ್ಟರಲ್ಲಿ ಮೆತ್ತಗಾಗಿರುತ್ತದೆ. ತಿನ್ನುವಾಗ ಬಿಸಿ ಹಾಲು ಅಥವಾ ತುಪ್ಪ ಹಾಕಿಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಶಿರಸಿಯಲ್ಲಿ ತೋಟಗಾರರ ಸಹಕಾರ ಸಂಘದ ಟಿಎಸ್‌ಎಸ್ ಸೂಪರ್ ಮಾರ್ಕೆಟ್ ಇದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಮುಂಡಗೋಡಕ್ಕೆ ಹೋಗಿ. ಶಿರಸಿಯಿಂದ ಸುಮಾರು 50 ಕಿ.ಮೀ. 1966ರಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪಿನ ಸಣ್ಣ ಹೋಟೆಲುಗಳಲ್ಲಿ ಮೊಮೊ, ಥುಕ್ಪಾ (ನೂಡಲ್ ಸೂಪು), ಟಿಂಗ್ಮೊ (ಹಬೆಯಲ್ಲಿ ಬೇಯಿಸಿದ ಬ್ರೆಡ್ಡು) ಸಿಗುತ್ತವೆ. ಮೊಮೊ ಹಬೆಯಲ್ಲಿ ಬೇಯಲು ಹತ್ತು-ಹನ್ನೆರಡು ನಿಮಿಷ ಬೇಕು. ಕೇಳಿದ ಕೂಡಲೇ ಬಂದರೆ ಅದು ಮೊದಲೇ ಬೆಂದು ಕೂತದ್ದು, ಅಂಚು ಒಣಗಿ ಗಟ್ಟಿಯಾಗಿರುತ್ತದೆ. ಟಿಬೆಟನ್ ಹೊಸ ವರ್ಷವಾದ ಲೋಸಾರ್ ಹಬ್ಬದ ದಿನಗಳಲ್ಲಿ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಅಂಗಡಿ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಸಂಜೆಯ ಮೇಲೆ ವಾಪಸ್ ಬಸ್ಸು ಕಡಿಮೆ, ಕೊನೆಯ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ.